ಅನ್ನವಿಕ್ರಯವೂ ಅತಿಥಿಧರ್ಮವೂ

ಹಸಿದು ಬಂದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬ ವಿಷಯದಲ್ಲಿ ಮತಭೇದವಿಲ್ಲ. ಅದೇ ಅನ್ನವನ್ನು ಹಣ ತೆಗೆದುಕೊಂಡು ಇಕ್ಕಿದರೆ ಆ ಕಾರ್ಯದ ಸ್ವರೂಪವೇನಾಗುತ್ತದೆಂಬ ವಿಷಯದಲ್ಲಿ ಮಾತ್ರ ತಿಳಿದವರೂ ಒಮ್ಮತಕ್ಕೆ ಬಂದಂತೆ ಕಾಣುವುದಿಲ್ಲ. ಹೋಟೆಲೆಂಬ ಸಂಸ್ಥೆಯು ಕನ್ನಡನಾಡಿನ ಸಣ್ಣ ಊರುಗಳಲ್ಲಿ ನೆಲೆನಿಂತು ಕೆಲವು ತಲೆಮಾರುಗಳೇ ಕಳೆದಿವೆ. ಆದರೂ ‘ಹೋಟೆಲಿನ ಕೂಳು’ ಎಂಬ ಮಾತು ಮನೆಮನೆಗಳಲ್ಲಿ ಇನ್ನೂ ನಿಂದೆಯ ಮಾತಾಗಿಯೇ ಉಳಿದಿದೆ. ನಾಲಗೆಯು ನಿಂದಿಸಿದ ಸ್ಥಳಕ್ಕೇ ಕಾಲುಗಳು ನಡೆದುಹೋಗುತ್ತವೆ. ಇಂತಹ ವಿಸಂಗತಿಯಿರುವಲ್ಲಿ ವಿಚಾರವು ಅವಶ್ಯಕ. ಅನ್ನವನ್ನು ಮಾರುವುದು ಧರ್ಮವೇ? ಮಾರಿದ ಮಾತ್ರಕ್ಕೆ ಮಾರುವವನಿಗೂ ಉಣ್ಣುವವನಿಗೂ ನಡುವಣ ಅತಿಥಿಸಂಬಂಧವು ಅಳಿದುಹೋಗುವುದೇ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ಊರನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಲೇಸು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯು ಇದಕ್ಕೆ ಯೋಗ್ಯವಾದ ಸ್ಥಳ. ಸಮುದ್ರಮಟ್ಟಕ್ಕಿಂತ ಸುಮಾರು 640 ಮೀಟರು ಎತ್ತರದಲ್ಲಿ, ಸಹ್ಯಾದ್ರಿಯ ಅಂಚಿನಲ್ಲಿರುವ ಈ ಸಣ್ಣ ಊರಿಗೆ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಊರು ದಾಟಿದೊಡನೆ ರಸ್ತೆಯು ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಇಳಿದು ಸೋಮೇಶ್ವರವನ್ನೂ, ಅಲ್ಲಿಂದ ಹೆಬ್ರಿಯ ಮಾರ್ಗವಾಗಿ ಉಡುಪಿಯನ್ನೂ ಸೇರುತ್ತದೆ. ಘಟ್ಟದ ಮೇಲಿನ ಶಿವಮೊಗ್ಗ ಸೀಮೆಗೂ ಘಟ್ಟದ ಕೆಳಗಿನ ಕರಾವಳಿಗೂ ಇದು ಹೆಬ್ಬಾಗಿಲು. ಇಂತಹ ಹೆಬ್ಬಾಗಿಲಿನಲ್ಲಿ ಹಸಿವೆಂಬುದು ಊರಿನವರ ಸ್ವಂತ ವಿಷಯವಾಗಿರದೆ ದಾರಿಹೋಕರ ವಿಷಯವಾಗಿರುತ್ತದೆ. ಘಾಟಿಯನ್ನು ಹತ್ತಿ ಬಂದವನಿಗೆ ಬಿಸಿಯಾದುದೇನಾದರೂ ಬೇಕು. ಇಳಿಯಲಿರುವವನು ಮಂಜು ಕರಗಲೆಂದು ಕಾದು ಕುಳಿತಿರುತ್ತಾನೆ.

ಆಗುಂಬೆಯಲ್ಲಿ ಈ ದಾರಿಹೋಕನಿಗೆ ಎರಡು ಬಗೆಯ ಬಾಗಿಲುಗಳು ತೆರೆದಿವೆ. ಒಂದು ರಸ್ತೆಯ ಬದಿಯ ಹೋಟೆಲಿನ ಬಾಗಿಲು. ಅಲ್ಲಿ ತಿಂಡಿಗೂ ಊಟಕ್ಕೂ ದರವುಂಟು. ದರ ಕೊಟ್ಟವನಿಗೆ ಎಲೆಯುಂಟು. ಇನ್ನೊಂದು ‘ದೊಡ್ಡಮನೆ’ ಎಂದು ಹೆಸರಾದ ಹಳೆಯ ಮನೆಯ ಬಾಗಿಲು. 1980ರ ದಶಕದಲ್ಲಿ ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನದ ಧಾರಾವಾಹಿಯಾಗಿ ಚಿತ್ರಿಸಿದಾಗ ಈ ಮನೆಯ ಅಂಗಳವೂ ಜಗಲಿಯೂ ದೇಶಕ್ಕೆಲ್ಲ ಪರಿಚಯವಾದವು. ಆದರೆ ಮನೆಯ ಹೆಚ್ಚಿನ ಖ್ಯಾತಿಯು ಚಿತ್ರದಿಂದ ಬಂದುದಲ್ಲ. ಬಂದವರಿಗೆ ಉಣಬಡಿಸಿ, ದರವನ್ನು ಹೇಳದೆ, ಅವರು ಮನಸಾರೆ ಕೊಟ್ಟುದನ್ನು ಸ್ವೀಕರಿಸುವ ಪದ್ಧತಿಯಿಂದ ಬಂದುದು. ಹೀಗೆ ಒಂದೇ ಊರಿನಲ್ಲಿ ದರವುಳ್ಳ ಅನ್ನವೂ ದರವಿಲ್ಲದ ಅನ್ನವೂ ಅಕ್ಕಪಕ್ಕದಲ್ಲಿ ನಿಂತಿರುವುದರಿಂದ ತಾರತಮ್ಯ ವಿಚಾರಕ್ಕೆ ಅನುಕೂಲವಾಗಿದೆ.

ಮೊದಲು ಪೂರ್ವಪಕ್ಷ. ಅನ್ನವಿಕ್ರಯವು ನಿಂದ್ಯವೆನ್ನುವವರಿಗೆ ಶಾಸ್ತ್ರದ ಆಧಾರ ಕಡಮೆಯಿಲ್ಲ. ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಶಿಷ್ಯನಿಗೆ ಉಪದೇಶಿಸುತ್ತದೆ. ವಸತಿಯನ್ನರಸಿ ಬಂದ ಯಾರನ್ನೂ ತಿರಸ್ಕರಿಸಬಾರದೆಂದು ಅದರ ಭೃಗುವಲ್ಲಿಯು ವ್ರತವನ್ನೇ ವಿಧಿಸುತ್ತದೆ. ಕಠೋಪನಿಷತ್ತಿನಲ್ಲಿ ನಚಿಕೇತನು ಮೂರು ರಾತ್ರಿ ಯಮನ ಮನೆಯಲ್ಲಿ ಉಪವಾಸವಿದ್ದುದಕ್ಕೆ ಸಾಕ್ಷಾತ್ ಯಮನೇ ಹೆದರಿ ಮೂರು ವರಗಳನ್ನು ತೆತ್ತನು. ತನಗೋಸ್ಕರವೇ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆಂಬ ಅಭಿಪ್ರಾಯವು ಗೀತೆಯಲ್ಲಿಯೂ ಮನುಸ್ಮೃತಿಯಲ್ಲಿಯೂ ಬಂದಿದೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯವಂತೂ, ಆಪತ್ಕಾಲದಲ್ಲಿ ವಾಣಿಜ್ಯದಿಂದ ಜೀವಿಸುವ ಬ್ರಾಹ್ಮಣನು ಮಾರಬಾರದ ಪದಾರ್ಥಗಳನ್ನು ಎಣಿಸುವಾಗ ಕೃತಾನ್ನವನ್ನು, ಎಂದರೆ ಬೇಯಿಸಿದ ಅನ್ನವನ್ನು, ಸ್ಪಷ್ಟವಾಗಿ ಹೆಸರಿಸುತ್ತದೆ. ಅದೇ ಪಟ್ಟಿಯಲ್ಲಿ ಮನುಷ್ಯರ ವಿಕ್ರಯವೂ ಸೇರಿದೆಯೆಂಬುದನ್ನು ನೋಡಿದರೆ ನಿಷೇಧವು ಎಷ್ಟು ಬಲವಾದುದೆಂದು ತಿಳಿಯುತ್ತದೆ. ಇಷ್ಟು ಹೇಳಿ ಪೂರ್ವಪಕ್ಷದವರು, ಹೋಟೆಲು ಕಲಿಯುಗದ ಲಕ್ಷಣವೆಂದು ತೀರ್ಮಾನಿಸಿಬಿಡುತ್ತಾರೆ.

ಈ ತೀರ್ಮಾನವು ಅವಸರದ್ದು. ನಿಷೇಧವು ಒಂದು ವರ್ಗದವರಿಗೆ, ಅದೂ ಒಂದು ವಿಶೇಷ ಸಂದರ್ಭದಲ್ಲಿ ಹೇಳಲ್ಪಟ್ಟುದು. ಬೇರೆಯವರು ಅನ್ನವನ್ನು ಮಾರುತ್ತಿದ್ದರೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. ಮೈಸೂರಿನ ಪ್ರಾಚ್ಯಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ತೋರಿದ ಆ ಗ್ರಂಥದಲ್ಲಿ ನಗರದ ಆಡಳಿತವನ್ನು ಹೇಳುವ ಪ್ರಕರಣವೊಂದುಂಟು. ಮದ್ಯವನ್ನು ಮಾರುವ ಶೌಂಡಿಕರು, ಬೇಯಿಸಿದ ಮಾಂಸವನ್ನು ಮಾರುವ ಪಾಕ್ವಮಾಂಸಿಕರು, ಅನ್ನವನ್ನು ಮಾರುವ ಔದನಿಕರು ತಮಗೆ ಪರಿಚಿತರಾದವರಿಗೆ ತಂಗಲು ಎಡೆಗೊಡಬೇಕೆಂದು ಅಲ್ಲಿ ವಿಧಿಸಿದೆ. ಆದಕಾರಣ ಪ್ರಾಚೀನ ನಗರಗಳಲ್ಲಿ ಉಣಿಸಿನಂಗಡಿಗಳಿದ್ದುದು ನಿಸ್ಸಂದೇಹ. ಹಾಗಾದರೆ ಸ್ಮೃತಿಯ ನಿಷೇಧದ ತಾತ್ಪರ್ಯವೇನು? ಬಟ್ಟೆಯನ್ನು ಕೊಳ್ಳಬಂದವನು ಬೆಲೆ ಹೆಚ್ಚಾದರೆ ನಾಳೆ ಬರುವೆನೆಂದು ಹೇಳಿ ಎದ್ದು ಹೋಗಬಲ್ಲನು. ಹಸಿದವನು ಹಾಗೆ ಹೋಗಲಾರನು. ಅವನ ಚೌಕಾಸಿಗೆ ಬಲವಿಲ್ಲ. ಪರಾಧೀನನಾಗಿ ಬಂದವನೊಡನೆ ನಡೆಸುವ ವ್ಯಾಪಾರದಲ್ಲಿ ಮಾರುವವನ ಕೈ ಯಾವಾಗಲೂ ಮೇಲಾಗಿರುವುದರಿಂದ, ಆ ವ್ಯಾಪಾರವು ಸುಲಭವಾಗಿ ಸುಲಿಗೆಯಾಗುತ್ತದೆ. ನಿಷೇಧದ ತಿರುಳು ಈ ಭಯವೆಂದು ಊಹಿಸುವುದು ಯುಕ್ತ. ದೋಷವು ನಾಣ್ಯದಲ್ಲಿಲ್ಲ, ಪರರ ಅಸಹಾಯತೆಯನ್ನು ನಾಣ್ಯವಾಗಿ ಮಾರ್ಪಡಿಸುವುದರಲ್ಲಿದೆ.

ಇನ್ನು ದರವಿಲ್ಲದ ಅನ್ನಕ್ಕೆ ನಿಜವಾಗಿಯೂ ಬೆಲೆಯಿರಲಿಲ್ಲವೇ ಎಂಬುದನ್ನೂ ವಿಚಾರಿಸತಕ್ಕದ್ದು. ಮಲೆನಾಡಿನ ಹಿರಿಯ ಮನೆತನಗಳ ಅನ್ನದಾನವನ್ನು ಹೊಗಳುವವರು ಕಣಜದ ಭತ್ತವು ಎಲ್ಲಿಂದ ಬಂದಿತೆಂಬುದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಬಹುಮಟ್ಟಿಗೆ ಅದು ಗೇಣಿಯ ಭತ್ತ. ಆ ಗೇಣಿಯನ್ನು ಅಳೆಯುವ ಕೊಳಗದ ಅಳತೆಯ ವಿಷಯವಾಗಿಯೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ವಿವಾದವೆದ್ದು 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಪದ್ಧತಿಯೇ ರದ್ದಾಯಿತು. ಗೇಣಿಯ ಭತ್ತ ನಿಂತ ಮೇಲೆ ನಾಲ್ಕು ಎಲೆ ಹೆಚ್ಚಾಗಿ ಹಾಕುವ ಪದ್ಧತಿಯು ಅನೇಕ ಮನೆಗಳಲ್ಲಿ ಕುಗ್ಗಿದುದು ಆಶ್ಚರ್ಯವಲ್ಲ. ಅತಿಥಿಯು ತೆರದ ಬೆಲೆಯನ್ನು ಗೇಣಿದಾರನು ತೆತ್ತಿದ್ದನು. ಒಳಮನೆಯ ಹೆಂಗಸರೂ ತೆತ್ತಿದ್ದರು. ರಾತ್ರಿ ಎರಡನೆಯ ಜಾವದಲ್ಲಿ ಬಾಗಿಲು ಬಡಿದವನಿಗೆ ಯಜಮಾನನು ‘ಬನ್ನಿ, ಕೈಕಾಲು ತೊಳೆಯಿರಿ’ ಎಂದು ಹೇಳಿ ಪುಣ್ಯವನ್ನು ಪಡೆಯುತ್ತಿದ್ದನು. ಒದ್ದೆ ಸೌದೆಯನ್ನು ಊದಿ ಒಲೆ ಹೊತ್ತಿಸುತ್ತಿದ್ದವಳಿಗೆ ಹೊಗೆಯೇ ಪಾಲು. ಇದರಿಂದ ಅನ್ನದಾನವು ಕೀಳೆಂದು ಸಿದ್ಧವಾಗುವುದಿಲ್ಲ. ಆದರೆ ದಾನದ ಲೆಕ್ಕವೂ ಎಲ್ಲೋ ಒಂದೆಡೆ ಬರೆಯಲ್ಪಟ್ಟಿರುತ್ತದೆಂಬುದು ಸಿದ್ಧವಾಗುತ್ತದೆ. ಹೋಟೆಲಿನ ದರಪಟ್ಟಿಯು ಆ ಲೆಕ್ಕವನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುತ್ತದೆ. ಅಷ್ಟರಮಟ್ಟಿಗೆ ಅದರಲ್ಲಿ ಸತ್ಯವುಂಟು.

ಹೋಟೆಲು ಮಾಡಿದ ಎರಡನೆಯ ಉಪಕಾರವು ಇದಕ್ಕಿಂತ ದೊಡ್ಡದು. ಮನೆಯ ಆತಿಥ್ಯವು ಎಲ್ಲರಿಗೂ ಸಮಾನವಾಗಿ ಎಂದೂ ಇರಲಿಲ್ಲ. ಬಂದವನ ಕುಲಗೋತ್ರಗಳನ್ನು ಕೇಳಿದ ಬಳಿಕವೇ ಅವನ ಎಲೆಯು ಒಳಗೋ, ಜಗಲಿಯಲ್ಲೋ, ಅಂಗಳದಲ್ಲೋ, ಅಥವಾ ಎಲ್ಲಿಯೂ ಇಲ್ಲವೋ ಎಂಬುದು ಗೊತ್ತಾಗುತ್ತಿತ್ತು. ಹೋಟೆಲೂ ಮೊದಲಲ್ಲಿ ಇದೇ ದಾರಿಯನ್ನು ಹಿಡಿಯಿತು. ಮಠಗಳ ಮತ್ತು ದೇವಸ್ಥಾನಗಳ ಪಾಕಶಾಲೆಗಳಲ್ಲಿ ಕೈ ಪಳಗಿದ ಉಡುಪಿಯ ಕಡೆಯವರು ಬೆಂಗಳೂರು, ಮದರಾಸು, ಮುಂಬಯಿಗಳಿಗೆ ಹೋಗಿ ಉಪಾಹಾರಗೃಹಗಳನ್ನು ತೆರೆದ ಕಾಲದಲ್ಲಿ ಜಾತಿಗನುಸಾರವಾದ ಪ್ರತ್ಯೇಕ ಪಂಕ್ತಿಗಳು ಅಪರೂಪವಾಗಿರಲಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾದ ಸಂಸ್ಥೆಗೂ ಬ್ರಾಹ್ಮಣ ಕಾಫಿ ಕ್ಲಬ್ ಎಂಬುದೇ ಮೊದಲ ಹೆಸರು. ಆದರೂ ಹಣವೆಂಬ ವಸ್ತುವಿಗೆ ಮಡಿಮೈಲಿಗೆ ತಿಳಿಯದು. ಒಂದೇ ಕಾಸನ್ನು ಕೊಟ್ಟ ಇಬ್ಬರನ್ನು ಎರಡು ಕಡೆ ಕೂರಿಸುವುದಕ್ಕೆ ಅಂಗಡಿಕಾರನ ಬಳಿ ಕಾರಣವಿಲ್ಲದಾಗುತ್ತದೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು, ಜಾತಿ, ಮತ, ಲಿಂಗ ಮೊದಲಾದ ಕಾರಣಗಳಿಂದ ಯಾರನ್ನೂ ಸಾರ್ವಜನಿಕ ಉಪಾಹಾರಗೃಹಗಳಿಂದ ಹೊರಗಿಡಕೂಡದೆಂದು ಶಾಸನ ಮಾಡಿತು. ಗೃಹಸ್ಥನ ಅಡಿಗೆಮನೆಗೆ ಇಂತಹ ಆಜ್ಞೆಯನ್ನು ಯಾವ ಸಂವಿಧಾನವೂ ಕೊಡಲಾರದು. ಕ್ಷೇತ್ರಗಳ ಭೋಜನಶಾಲೆಗಳಲ್ಲಿಯ ಪಂಕ್ತಿಭೇದದ ವಿವಾದವು 21ನೆಯ ಶತಮಾನದಲ್ಲಿಯೂ ಎದ್ದಿರುವಾಗ, ಬಸ್ಸಿನಿಂದಿಳಿದ ಜನರೆಲ್ಲ ಒಂದೇ ಬೆಂಚಿನ ಮೇಲೆ ಕುಳಿತು ಇಡ್ಲಿ ತಿನ್ನುವುದು ಸಣ್ಣ ವಿಷಯವಲ್ಲ. ಪುಣ್ಯವು ಮಾಡದ ಕೆಲಸವನ್ನು ವ್ಯಾಪಾರವು ಮಾಡಿತೆಂದು ಒಪ್ಪಿಕೊಳ್ಳುವುದು ಸತ್ಯವಂತರ ಕರ್ತವ್ಯ.

ಹೀಗೆಂದ ಮಾತ್ರಕ್ಕೆ ಹೋಟೆಲೇ ಮೋಕ್ಷದ್ವಾರವೆಂದು ತಿಳಿಯಬೇಕಾಗಿಲ್ಲ. ಜಾತಿಯನ್ನು ಕೇಳದ ಆ ಬಾಗಿಲು ಜೇಬನ್ನು ಕೇಳುತ್ತದೆ. ಹಣವಿಲ್ಲದವನಿಗೆ ಅದು ಮುಚ್ಚಿದ ಬಾಗಿಲೇ. ಒಳಗೆ ದುಡಿಯುವವರ ಸ್ಥಿತಿಯೂ ವಿಚಾರಣೀಯ. ಹೋಟೆಲಿನಲ್ಲಿ ಬಡಿಸುವವನಿಗೆ ‘ಮಾಣಿ’ ಎಂಬ ಹೆಸರು ರೂಢಿಯಲ್ಲಿದೆ. ಇದು ಸಂಸ್ಕೃತದ ‘ಮಾಣವಕ’ನಿಗೆ ಸಂಬಂಧಿಸಿದ ಶಬ್ದ, ಗುರುವಿನ ಬಳಿ ಓದುತ್ತಿರಬೇಕಾದ ಬಾಲಕನೆಂಬುದೇ ಅದರ ಅರ್ಥ. ಓದಬೇಕಾದ ವಯಸ್ಸಿನಲ್ಲಿ ಲೋಟ ತೊಳೆಯಲು ಘಟ್ಟ ಹತ್ತಿದ ಬಾಲಕರ ಬೆವರು ಎಷ್ಟೋ ಹೋಟೆಲುಗಳ ಅಡಿಗಲ್ಲಿನಲ್ಲಿದೆ. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ಆಜ್ಞೆಯು ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಅಷ್ಟು ಕಾಲ ಆ ಬಾಲಕರು ತಂದಿಟ್ಟ ಕಾಫಿಯನ್ನು ಕುಡಿದವರಲ್ಲಿ ವಿದ್ಯಾವಂತರೂ ಧರ್ಮಶಾಸ್ತ್ರಜ್ಞರೂ ಇದ್ದರು. ಅನ್ನವಿಕ್ರಯವು ದೋಷವೆಂದು ವಾದಿಸಿದವರು ಬಾಲಕನ ವಿಕ್ರಯವನ್ನು ಗಮನಿಸದೆ ಹೋದರು.

ಇನ್ನು ದೊಡ್ಡಮನೆಯ ಮಧ್ಯಮಮಾರ್ಗ. ದರವನ್ನು ಹೇಳದೆ, ಕೊಟ್ಟುದನ್ನು ತೆಗೆದುಕೊಳ್ಳುವುದು ಮೇಲ್ನೋಟಕ್ಕೆ ಎರಡರ ಗುಣಗಳನ್ನೂ ಕೂಡಿಸಿಕೊಂಡಂತಿದೆ. ಬರಿಗೈಯವನೂ ಉಣ್ಣಬಲ್ಲನು, ಉಳ್ಳವನು ಋಣಭಾರವಿಲ್ಲದೆ ಏಳಬಲ್ಲನು. ಆದರೆ ಇಲ್ಲಿಯೂ ಸೂಕ್ಷ್ಮವಾದ ಕಷ್ಟವೊಂದುಂಟು. ದರವು ಗೋಡೆಯ ಮೇಲಿಲ್ಲದಾಗ ಅದು ಉಣ್ಣುವವನ ಮನಸ್ಸಿಗೆ ವರ್ಗವಾಗುತ್ತದೆ. ಎಷ್ಟು ಕೊಟ್ಟರೆ ಕಡಮೆ, ಎಷ್ಟು ಕೊಟ್ಟರೆ ಅಹಂಕಾರ ಎಂದು ಅವನು ತೂಗಬೇಕು. ಮಾನವಂತನಾದ ಬಡವನು ಶಕ್ತಿಮೀರಿ ಕೊಡುವುದೂ, ನಿರ್ಲಜ್ಜನಾದ ಧನಿಕನು ಕೈಮುಗಿದು ಹೊರಡುವುದೂ ಅಸಂಭವವಲ್ಲ. ಆದುದರಿಂದ ಈ ಪದ್ಧತಿಯು ನಿಲ್ಲುವುದು ಎರಡು ಕಡೆಯ ಸಂಯಮದಿಂದ. ಇಕ್ಕುವವರು ಕೈಯನ್ನು ನೋಡಬಾರದು. ಉಣ್ಣುವವರು ಬಾಗಿಲನ್ನು ನೋಡಬಾರದು. ಮನೆಯ ಗೌರವವೂ ಅನ್ನಶ್ರದ್ಧೆಯೂ ಇರುವಲ್ಲಿ ಇದು ಸಾಧ್ಯ. ಬಾಡಿಗೆ, ಕೂಲಿ, ಅನಿಲದ ಸಿಲಿಂಡರು, ಸಾಲದ ಕಂತು ಇವುಗಳ ನಡುವೆ ಅಂಗಡಿ ನಡೆಸುವವನಿಗೆ ಇದನ್ನೇ ವಿಧಿಸುವುದು ನ್ಯಾಯವಲ್ಲ. ಅವನು ಆರು ತಿಂಗಳಲ್ಲಿ ಬಾಗಿಲು ಹಾಕಿದರೆ ಏಳನೆಯ ತಿಂಗಳಿನ ದಾರಿಹೋಕನು ಹಸಿದೇ ಹೋಗುವನು.

ಹಾಗಾದರೆ ದರ ತೆಗೆದುಕೊಳ್ಳುವವನ ಧರ್ಮದ ಮೇರೆ ಯಾವುದು? ಒಂದು ನಿದರ್ಶನದಿಂದ ಇದನ್ನು ನಿಶ್ಚಯಿಸಬಹುದು. ಆಷಾಢಮಾಸದ ಮಳೆಯಲ್ಲಿ ಘಾಟಿಯ ರಸ್ತೆಗೆ ಮರವುರುಳಿ ಬಸ್ಸು ಆಗುಂಬೆಯಲ್ಲಿಯೇ ನಿಂತಿತೆಂದೂ, ಇಪ್ಪತ್ತು ಜನರಿಗಾಗುವಷ್ಟು ಅನ್ನವಿದ್ದ ಹೋಟೆಲಿಗೆ ನಲವತ್ತು ಜನ ಬಂದರೆಂದೂ ಇಟ್ಟುಕೊಳ್ಳಬಹುದು. ಆ ಹೊತ್ತಿಗೆ ದರವನ್ನು ಇಮ್ಮಡಿಸಿದರೆ ಅದು ವಾಣಿಜ್ಯದ ಸಹಜನಿಯಮವೆಂದು ಹೇಳುವವರಿದ್ದಾರೆ. ಪದಾರ್ಥ ಕಡಮೆ, ಬೇಡಿಕೆ ಹೆಚ್ಚು, ಆದಕಾರಣ ಬೆಲೆ ಮೇಲಕ್ಕೆ ಎಂಬುದು ಅವರ ತರ್ಕ. ಆದರೆ ಇಮ್ಮಡಿ ದರವು ಹೆಚ್ಚು ಹಸಿದವನನ್ನು ಆರಿಸುವುದಿಲ್ಲ, ಹೆಚ್ಚು ಹಣವುಳ್ಳವನನ್ನು ಆರಿಸುತ್ತದೆ. ಮಗುವನ್ನು ಕಂಕುಳಲ್ಲಿಟ್ಟುಕೊಂಡ ಕೂಲಿಯಾಕೆಯು ಹೊರಗುಳಿದು, ಬೆಳಗ್ಗೆ ಹೊಟ್ಟೆತುಂಬ ತಿಂಡಿ ತಿಂದಿದ್ದವನು ಒಳಗೆ ಕೂರುತ್ತಾನೆ. ಹೋಟೆಲಿನವನು ಅಕ್ಕಿಯನ್ನು ತಂದನು, ಒಲೆಯನ್ನು ಉರಿಸಿದನು. ಅವುಗಳ ಬೆಲೆಯೂ ತನ್ನ ದುಡಿಮೆಯ ಬೆಲೆಯೂ ಅವನಿಗೆ ಸಲ್ಲತಕ್ಕದ್ದು. ಮಳೆಯನ್ನು ಅವನು ತರಲಿಲ್ಲ, ಮರವನ್ನು ಅವನು ಬೀಳಿಸಲಿಲ್ಲ. ಅವುಗಳ ಬೆಲೆಯನ್ನು ಅವನು ವಸೂಲು ಮಾಡಲಾಗದು.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಕಷ್ಟಕಾಲದಲ್ಲಿ ದರವು ಏರದಿದ್ದರೆ ಕಷ್ಟಕಾಲಕ್ಕಾಗಿ ಅಕ್ಕಿಯನ್ನು ಯಾರು ಕೂಡಿಡುವರು? ಕೂಡಿಡುವುದಕ್ಕೂ ಖರ್ಚುಂಟು; ಮಲೆನಾಡಿನ ಮಳೆಗಾಲದಲ್ಲಿ ಮುಗ್ಗುವ ಅಕ್ಕಿಯ ನಷ್ಟವುಂಟು. ಆಕ್ಷೇಪವು ಸರಿಯಾದುದೇ. ಆದರೆ ಅದರ ಪರಿಹಾರವು ಬೇರೆ. ಮಳೆಗಾಲದುದ್ದಕ್ಕೂ ಊಟಕ್ಕೆ ಸ್ವಲ್ಪ ಹೆಚ್ಚಿನ ದರವನ್ನು ಮೊದಲೇ ಬರೆದು ಹಾಕಿದರೆ ಅದರಲ್ಲಿ ವಂಚನೆಯಿಲ್ಲ. ಬರುವವನು ತಿಳಿದೇ ಬರುತ್ತಾನೆ, ಬೇಡವಾದರೆ ಬುತ್ತಿ ಕಟ್ಟಿಕೊಂಡು ಬರುತ್ತಾನೆ. ಮರ ಬಿದ್ದ ಮರುಗಳಿಗೆಯಲ್ಲಿ ಏರಿಸಿದ ದರದಲ್ಲಿ ಮಾತ್ರ ಅವನಿಗೆ ಆಯ್ಕೆಯೇ ಉಳಿದಿರುವುದಿಲ್ಲ. ನಲವತ್ತು ಜನರಿಗೆ ಇಪ್ಪತ್ತು ಜನರ ಅನ್ನವಿದ್ದರೆ ಅದಕ್ಕೆ ನೀರೆರೆದು ಗಂಜಿ ಮಾಡಿ, ಉಪ್ಪಿನಕಾಯಿಯ ಮಿಡಿಯೊಂದನ್ನು ಹಾಕಿ, ಎಲ್ಲರಿಗೂ ಬಡಿಸಿ ಅರ್ಧ ದರವನ್ನು ತೆಗೆದುಕೊಳ್ಳುವುದೇ ಧರ್ಮ. ಹಾಗೆ ಮಾಡಿದವನಿಗೆ ನಷ್ಟವೇನೂ ಆಗುವುದಿಲ್ಲ. ಆಗಬಹುದಾಗಿದ್ದ ಅನುಚಿತ ಲಾಭವೊಂದು ತಪ್ಪುತ್ತದೆ, ಅಷ್ಟೆ.

ಮದ್ಯವನ್ನೂ ಊಟವನ್ನೂ ಒಟ್ಟಿಗೆ ಮಾರುವ ಗೃಹಗಳೂ ಈಗ ಹೆದ್ದಾರಿಯ ಊರುಗಳಲ್ಲಿ ಸಾಮಾನ್ಯವಾಗಿವೆ. ಇಂಗ್ಲಿಷರು ಇಂತಹ ಸ್ಥಳಕ್ಕೆ ‘ಪಬ್’ ಎನ್ನುತ್ತಾರೆ. ಅದು ಸಾರ್ವಜನಿಕ ಗೃಹವೆಂಬರ್ಥದ ಎರಡು ಶಬ್ದಗಳ ಸಂಕ್ಷೇಪ. ಮದ್ಯಪಾನದ ಗುಣದೋಷಗಳು ಪ್ರತ್ಯೇಕವಾಗಿ ಚರ್ಚಿಸತಕ್ಕ ವಿಷಯ. ಆದರೆ ಕೌಟಿಲ್ಯನು ಪಾನಗೃಹಗಳಿಗೆ ವಿಧಿಸಿದ ನಿಯಮವೊಂದು ಇಲ್ಲಿ ಸ್ಮರಣೀಯ. ಕುಡಿದು ಮೈಮರೆತು ಮಲಗಿದ ಗಿರಾಕಿಯ ಒಡವೆ, ಬಟ್ಟೆ, ಹಣ ಇವು ಕಳೆದುಹೋದರೆ, ಅಂಗಡಿಯವನು ಅವುಗಳನ್ನು ತುಂಬಿಕೊಟ್ಟು ಅಷ್ಟೇ ಮೊತ್ತದ ದಂಡವನ್ನೂ ತೆರಬೇಕೆಂದು ಅವನು ಹೇಳುತ್ತಾನೆ. ಗಿರಾಕಿಯ ಅಸಹಾಯತೆಯು ಅಂಗಡಿಯೊಳಗಿರುವಷ್ಟು ಹೊತ್ತು ಅಂಗಡಿಯವನ ಹೊಣೆಯೆಂಬುದೇ ಇದರ ತಿರುಳು. ಪಾನಗೃಹಕ್ಕೇ ಈ ಹೊಣೆಯಿದ್ದ ಮೇಲೆ ಅನ್ನಗೃಹಕ್ಕೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆಂಬುದು ಕೈಮುತಿಕನ್ಯಾಯದಿಂದಲೇ ಸಿದ್ಧ.

ಹೊಣೆಯು ಮಾರುವವನದು ಮಾತ್ರವಲ್ಲ. ಉಣ್ಣುವವನ ಧರ್ಮವನ್ನು ಹೇಳದೆ ಬಿಟ್ಟರೆ ವಿಚಾರವು ಒಕ್ಕಣ್ಣಿನದಾಗುತ್ತದೆ. ನೆಂಟರ ಮನೆಯಲ್ಲಿ ಸಾರು ಉಪ್ಪಾದರೂ ‘ಚೆನ್ನಾಗಿದೆ’ ಎಂದು ಸುರಿದುಕೊಳ್ಳುವ ಸಭ್ಯನು ಹೋಟೆಲಿನಲ್ಲಿ ಅದೇ ಸಾರಿಗೆ ಬಡಿಸುವವನ ಮೇಲೆ ಗುಡುಗುತ್ತಾನೆ. ಹಣ ಕೊಟ್ಟಿದ್ದೇನೆಂಬುದು ಅವನ ಸಮರ್ಥನೆ. ಹಣ ಕೊಟ್ಟವನು ಅನ್ನವನ್ನು ಕೊಂಡನೇ ಹೊರತು ಬಡಿಸುವವನನ್ನು ಕೊಳ್ಳಲಿಲ್ಲ. ಎಲೆಯಲ್ಲಿ ಬಿಟ್ಟೇಳುವ ಅನ್ನಕ್ಕೂ ಇದೇ ಉತ್ತರ. ಬೆಲೆಯು ತನ್ನದಾದರೂ ಅಕ್ಕಿಯು ಗದ್ದೆಯದು, ಬೇಯಿಸಿದ ಕೈ ಇನ್ನೊಬ್ಬರದು. ಮನೆಯ ಅತಿಥಿಯು ಹಣವನ್ನು ಕೊಡದಿರುವುದರಿಂದ ಕೃತಜ್ಞತೆಯನ್ನು ಕೊಡುತ್ತಾನೆ. ಹೋಟೆಲಿನ ಗಿರಾಕಿಯು ಹಣವನ್ನು ಕೊಟ್ಟುದರಿಂದ ಕೃತಜ್ಞತೆಯಿಂದ ಬಿಡುಗಡೆ ಹೊಂದಿದೆನೆಂದು ಭಾವಿಸುತ್ತಾನೆ. ಈ ಭಾವನೆಯೇ ಅನ್ನವಿಕ್ರಯದಲ್ಲಿರುವ ನಿಜವಾದ ಅಪಾಯ. ಪೂರ್ವಪಕ್ಷದವರು ದೋಷವನ್ನು ಮಾರುವವನ ಪೆಟ್ಟಿಗೆಯಲ್ಲಿ ಹುಡುಕಿದರು. ಅದು ಅಷ್ಟೇ ಪ್ರಮಾಣದಲ್ಲಿ ಕೊಳ್ಳುವವನ ನಾಲಗೆಯಲ್ಲಿಯೂ ಇತ್ತು.

ಒಟ್ಟಿನಲ್ಲಿ, ಅನ್ನಕ್ಕೆ ಬೆಲೆ ಕಟ್ಟಿದ ಮಾತ್ರದಿಂದ ಅತಿಥಿಧರ್ಮವು ಅಳಿಯುವುದಿಲ್ಲವೆಂದು ಹೇಳಬಹುದು. ತಾನೂ ತನ್ನ ಮಕ್ಕಳೂ ಉಣ್ಣಬಹುದಾದ ಅನ್ನವನ್ನೇ ಬಡಿಸುವವನು, ಕುಲವನ್ನು ಕೇಳದೆ ಎಲೆ ಹಾಕುವವನು, ಸಂಕಟದ ಹೊತ್ತಿನಲ್ಲಿ ದರವನ್ನು ಏರಿಸದವನು, ದುಡಿಯುವವರಿಗೆ ಹೊಟ್ಟೆತುಂಬ ಊಟವನ್ನೂ ತಕ್ಕ ಕೂಲಿಯನ್ನೂ ಕೊಡುವವನು, ಬರಿಗೈಯಲ್ಲಿ ಬಂದ ಹಸಿದವನೊಬ್ಬನನ್ನು ಲೆಕ್ಕಕ್ಕೆ ಸೇರಿಸದೆ ಉಣಿಸಿ ಕಳುಹಿಸುವವನು, ದರಪಟ್ಟಿಯ ಕೆಳಗೆ ಕುಳಿತಿದ್ದರೂ ಗೃಹಸ್ಥನೇ. ಈ ಐದರಲ್ಲಿ ಯಾವುದೊಂದಕ್ಕೂ ಹೆಚ್ಚು ಬಂಡವಾಳ ಬೇಕಾಗಿಲ್ಲ. ಘಟ್ಟದ ಮೇಲೆಯೂ ಕೆಳಗೆಯೂ ಇಂತಹ ಹೋಟೆಲುಗಳು ಇಲ್ಲದಿಲ್ಲ. ಅಲ್ಲಿ ಉಂಡು ಕೈತೊಳೆದು ಹೊರಡುವವರು ಗಲ್ಲಾಪೆಟ್ಟಿಗೆಯ ಮುಂದೆ ಹಣವನ್ನಿಟ್ಟು, ಬಡಿಸಿದವನ ಕಡೆ ತಿರುಗಿ ‘ಊಟ ಚೆನ್ನಾಗಿತ್ತು’ ಎಂದು ಒಂದು ಮಾತನ್ನಾಡಿದರೆ, ಅವರ ಪಾಲಿನ ಧರ್ಮವೂ ನೆರವೇರುತ್ತದೆ.